ಹನಮಂತವ್ವನ ಬಾಯಿಪಟ್ಟಿ

ಹನಮಂತವ್ವ ಗಂಡನ ಹಳೆಯ ಧೋತರವನ್ನು ಪರ್ರನೆ ಹರಿದಾಗ ಹೇಮಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಸಪ್ಪಳ ಕೇಳಿ ಅವನ ಕೈ ನಿಂತಿತು.

"ಅದು ಇನ್ನೊಂದ್ ವರ್ಷ ಬರತಿತ್ತು," ಅಂದ.

"ನೀವೂ ಇನ್ನೊಂದ್ ವರ್ಷ ಬರಬೇಕಲ್ಲ," ಅಂದು ಆಕೆ ಮತ್ತೊಂದು ತುಂಡು ಹರಿದಳು.

ಅದು ಐವತ್ತೇಳನೇ ಇಸವಿಯ ಮಳೆಗಾಲ. ಫ್ಲೂ ಜ್ವರ ಮದರಾಸಿನ ಕಡೆಯಿಂದ ರೈಲು ಹತ್ತಿ ಬಂದು ಗದಗಿನಲ್ಲಿ ಇಳಿದಿದೆ ಎಂದು ಜನ ಮಾತಾಡುತ್ತಿದ್ದರು. ಬೆಟಗೇರಿಯ ನೇಕಾರರ ಓಣಿಯಲ್ಲಿ ಮನೆಗೊಬ್ಬರಾದರೂ ಕೆಮ್ಮುತ್ತಿದ್ದರು. ನರ್ಸಬಾಯಿ ಒಂದು ದಿನ ಓಣಿಗೆ ಬಂದು, ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಳ್ಳಿ, ಕೆಮ್ಮುವವರ ಹತ್ತಿರ ಬಸುರಿಯರನ್ನು ಬಿಡಬೇಡಿ ಎಂದು ಹೇಳಿ ಹೋಗಿದ್ದಳು. ಆ ಬಾಯಿಪಟ್ಟಿ ಕೊಡಿ ಎಂದು ಹನಮಂತವ್ವ ದವಾಖಾನೆಗೆ ಹೋದರೆ ಕಂಪೌಂಡರ್ ಬರಿಗೈ ತೋರಿಸಿದ. ಮೊದಲೆಲ್ಲ ಸಾಮಾನು ಮುಂಬಯಿಯಿಂದ ಬರುತ್ತಿತ್ತಂತೆ. ಹೋದ ವರ್ಷ ರಾಜ್ಯ ಒಂದಾದ ಮೇಲೆ ಬೆಂಗಳೂರಿನಿಂದ ಬರಬೇಕಂತೆ. ಮುಂಬಯಿಯವರು ನಿಲ್ಲಿಸಿದ್ದಾರೆ, ಬೆಂಗಳೂರಿನವರು ಇನ್ನೂ ಶುರು ಮಾಡಿಲ್ಲ.

"ಹಂಗಾರ ಜ್ವರಕ್ಕೂ ಹೇಳ್ರಿ, ಬೆಂಗಳೂರಿನ ಸಾಮಾನು ಬರೂತನಕ ನಿಂತಿರು ಅಂತ," ಎಂದು ಆಕೆ ತಿರುಗಿ ಬಂದಿದ್ದಳು.

ಆಕೆಯ ಅವಸರಕ್ಕೆ ಕಾರಣವಿತ್ತು. ಮಗ ದೇವಪ್ಪನ ಹೆಂಡತಿ ಮಂಜವ್ವ ಚೊಚ್ಚಲ ಬಸುರಿ. ಎಂಟು ತಿಂಗಳು ತುಂಬುತ್ತಿತ್ತು. ಹದಿನೆಂಟನೇ ಇಸವಿಯ ದೊಡ್ಡ ಜ್ವರದಲ್ಲಿ ಹನಮಂತವ್ವನ ತಾಯಿ ಹೊಟ್ಟೆಯೊಳಗಿನ ಕೂಸಿನ ಸಮೇತ ತೀರಿಕೊಂಡಿದ್ದಳು. ಆಗ ಹನಮಂತವ್ವ ಇನ್ನೂ ಸಣ್ಣ ಹುಡುಗಿ. ಬಾಗಿಲ ಹೊರಗೆ ನಿಂತು ಆ ಕೆಮ್ಮನ್ನು ಕೇಳಿದ್ದು ಮಾತ್ರ ಆಕೆಗೆ ನೆನಪಿತ್ತು.

ಗೋಡೆಯಾಚೆಯ ಮನೆ ಬಣ್ಣಗಾರ ಮರ್ದಾನಸಾಬನದು. ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಅವನ ಹೆಂಡತಿ ಹಾಜಿರಾಬಿಯ ಹತ್ತಿರ ಹೊಲಿಗೆ ಯಂತ್ರವಿತ್ತು. ಮೊದಲು ಹನಮಂತವ್ವ, ಹಾಜಿರಾಬಿ ಇಬ್ಬರೂ ಹೊಸ ಬಟ್ಟೆಯಲ್ಲಿ ಒಂದು ಹೊಲಿದು ನೋಡಿದರು. ಗಂಜಿ ಹಾಕಿದ ಬಟ್ಟೆ ಹಲಗೆಯ ಹಾಗೆ ನಿಂತು ಉಸಿರೇ ಕಟ್ಟಿತು. ಕಡೆಗೆ ತೊಳೆದು ತೊಳೆದು ಮೆತ್ತಗಾದ ಧೋತರವೇ ಸರಿ ಎಂದಾಯಿತು. ನಾಲ್ಕು ಮಡಿಕೆ, ಎರಡೂ ಕಡೆ ಕಟ್ಟಲು ಲಾಡಿ. ಹಾಜಿರಾಬಿ ಯಂತ್ರ ತುಳಿಯುತ್ತ ಹೋದಳು, ಹನಮಂತವ್ವ ಕತ್ತರಿಸಿ ಕೊಡುತ್ತ ಹೋದಳು. ಬುಟ್ಟಿ ತುಂಬಿತು. ಕಷ್ಟದ ಕೆಲಸ ಮುಗಿಯಿತು ಎಂದು ಹನಮಂತವ್ವ ತಿಳಿದಿದ್ದಳು.

ಓಣಿಯ ಗಂಡಸರು, "ನಾವೇನ್ ಎತ್ತಾ, ಬಾಯಿಗೆ ಕುಕ್ಕಿ ಹಾಕ್ಕೊಳ್ಳಾಕ?" ಎಂದು ನಕ್ಕರು. ದೇವಪ್ಪ ಒಂದು ಹೊತ್ತು ಕಟ್ಟಿಕೊಂಡು, ಗೆಳೆಯರು ಜೈನರ ಸಾಧು ಮಹಾರಾಜ ಎಂದು ಕರೆದರೆಂದು ಬಿಚ್ಚಿ ಗೂಟಕ್ಕೆ ಹಾಕಿದ. ಹೇಮಪ್ಪ ಮಾತ್ರ ತೆಗೆಯಲಿಲ್ಲ, ಆದರೆ ಅದು ಯಾವಾಗಲೂ ಅವನ ಗದ್ದದ ಕೆಳಗೇ ಇರುತ್ತಿತ್ತು.

"ಮ್ಯಾಲ ಏರಸ್ರಿ," ಅನ್ನುವಳು ಹನಮಂತವ್ವ.

"ಎಲಿ ಅಡಿಕಿ ಉಗಳೂದ್ ಹೆಂಗ?"

"ಉಗಳಬ್ಯಾಡ್ರಿ."

"ಕಟ್ಟಿಕೊಂಡೇನಲ್ಲ, ಮತ್ತೇನ್ ಬೇಕು ನಿನಗ?"

ಹಾಜಿರಾಬಿಯ ಮನೆಯ ಖಬರ ಇನ್ನೂ ಛಲೋ ಇತ್ತು. "ನಮ್ಮವರು ಚಾ ಸೋಸಾಕತ್ಯಾರ್ರಿ ಅದರಾಗ," ಅಂದಳು. "ಒಂದ್ ಚೂರ್ ಪುಡಿ ಕೆಳಗ ಬರೂದಿಲ್ಲ, ಇನ್ನೂ ಎರಡು ಹೊಲಿ ಅಂತಾರ." ಹನಮಂತವ್ವ ಹಣೆಗೆ ಕೈ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟಳು.

ಅದೇ ವಾರ ಮುಂಡರಗಿಯಿಂದ ಮಂಜವ್ವನ ಅಣ್ಣ ಸಕ್ರಪ್ಪ ಬಂದ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ತಂಗಿಯನ್ನು ಕರೆದುಕೊಂಡು ಹೋಗಲು ಬಂದಿದ್ದ. ಅಣ್ಣನ ದನಿ ಕೇಳಿ ಒಳಗಿದ್ದ ಮಂಜವ್ವ ಎದ್ದು ಬಂದಳು. ಅಷ್ಟರಲ್ಲಿ ಸಕ್ರಪ್ಪ ಹೊಸ್ತಿಲ ಹೊರಗೆ ನಿಂತು ಎರಡು ಸಲ ಕೆಮ್ಮಿದ.

ಹನಮಂತವ್ವ ಬಾಗಿಲಿಗೆ ಅಡ್ಡ ನಿಂತಳು. "ತಮ್ಮಾ, ತಪ್ಪ ತಿಳಕೋಬ್ಯಾಡ. ಇದನ್ನ ಕಟ್ಟಿಕೊಂಡು ಅಲ್ಲೇ ಕಟ್ಟಿ ಮ್ಯಾಲ ಕುಂಡ್ರು. ಊಟಕ್ಕ ಅಲ್ಲೇ ಕೊಡತೇನಿ."

ಸಕ್ರಪ್ಪ ಆಕೆ ಚಾಚಿದ ಪಟ್ಟಿಯನ್ನೂ ಆಕೆಯನ್ನೂ ನೋಡಿದ. "ಬೀಗರ ಮನಿಗೆ ಬಂದೇನ್ರಿ ನಾನು. ಭಿಕ್ಷಾಕ್ಕಲ್ಲ."

"ಮುಂಡರಗ್ಯಾಗ ಜ್ವರ ಐತೋ ಇಲ್ಲೋ?"

"ಎಲ್ಲೆ ಇಲ್ರಿ ಜ್ವರ? ಬೆಟಗೇರ್ಯಾಗ ಇಲ್ಲೇನು?"

"ಐತಿ. ಅದಕ್ಕ ಮತ್ತ ಬಸ್ಸಿನಾಗ ಇಕಿನ್ನ ತುರುಕಿ, ಇನ್ನೊಂದ್ ಜ್ವರದ ಊರಿಗೆ ಕಳಸೂದ್ ಬ್ಯಾಡ ಅನ್ನಾಕತ್ತೇನಿ. ಹೆರಿಗಿ ಇಲ್ಲೇ ಆಗ್ಲಿ."

ಸಕ್ರಪ್ಪ ನೀರೂ ಮುಟ್ಟದೆ ತಿರುಗಿ ಹೋದ. ಆಮೇಲೆ ಮನೆಯಲ್ಲಿ ಯಾರೂ ಹನಮಂತವ್ವನ ಕಡೆ ಮುಖ ಕೊಟ್ಟು ಮಾತಾಡಲಿಲ್ಲ. ಮಾನ ಹೋಯಿತು ಎಂದು ಹೇಮಪ್ಪ ಗೊಣಗಿದ. ಮಂಜವ್ವ ಗೋಡೆಗೆ ಮುಖ ಮಾಡಿ ಮಲಗಿ, "ನಮ್ಮವ್ವ ದಾರಿ ಕಾಯತಿರತಾಳ," ಎಂದು ಅತ್ತಳು. ಹನಮಂತವ್ವ ತಟ್ಟೆಯಲ್ಲಿ ರೊಟ್ಟಿ ಇಟ್ಟು, ಅವಳು ತಿನ್ನದಿದ್ದಾಗ ತೆಗೆದು, ಮತ್ತೆ ಬಿಸಿ ಮಾಡಿ ತಂದಿಟ್ಟಳು. ಸೊಸೆಯ ಅಳು ಆಕೆಗೆ ಅರ್ಥವಾಗುತ್ತಿತ್ತು. ತನ್ನ ಮಾತು ಈ ಮನೆಯಲ್ಲಿ ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಖಬರ ಬಂತು. ಮಂಜವ್ವನ ತಾಯಿ ಕರಿಯವ್ವ ಜ್ವರದಿಂದ ಹಾಸಿಗೆ ಹಿಡಿದಿದ್ದಾಳೆ, ಸಕ್ರಪ್ಪನೂ ಮಲಗಿದ್ದಾನೆ, ನೋಡುವ ಹೆಣ್ಣುಮಕ್ಕಳು ಮನೆಯಲ್ಲಿ ಇಲ್ಲ. ಮಂಜವ್ವ ಎದ್ದು ಸೀರೆಗಂಟು ಕಟ್ಟತೊಡಗಿದಳು.

"ಕುಂಡ್ರು," ಅಂದಳು ಹನಮಂತವ್ವ.

"ನಮ್ಮವ್ವ ಸತ್ರ ನೀವ್ ತಂದು ಕೊಡತೀರೇನ್ರಿ?"

ಹನಮಂತವ್ವ ಸೊಸೆಯ ಕೈಯಿಂದ ಗಂಟು ತೆಗೆದುಕೊಂಡು, ಅದರಲ್ಲಿದ್ದ ಸೀರೆ ಬಿಚ್ಚಿ ತನ್ನ ಸೀರೆ ಇಟ್ಟಳು. ಮೇಲೆ ಒಂದು ಹಿಡಿ ಬಾಯಿಪಟ್ಟಿ ತುರುಕಿದಳು.

"ನಾ ಹೋಗತೇನಿ. ನೀ ಹೋಗೂದ್ ಬ್ಯಾಡ," ಅಂದಳು.

ಬಸ್ಸಿನಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಕೂತಿದ್ದರು. ಪಟ್ಟಿ ಕಟ್ಟಿಕೊಂಡವಳು ಈಕೆಯೊಬ್ಬಳೇ. ಪಕ್ಕದ ಹೆಂಗಸು, "ಹಲ್ಲ ನೋವೇನ್ರಿ?" ಎಂದು ಕೇಳಿದಳು. ಹನಮಂತವ್ವ ಹೂಂ ಅಂದುಬಿಟ್ಟಳು. ನಡುದಾರಿಯ ಡಂಬಳದವರೆಗೂ ಆ ಹೆಂಗಸು ಲವಂಗದ ಔಷಧಿ ಹೇಳುತ್ತ, ಈಕೆಯ ಮುಖದ ಮೇಲೇ ಕೆಮ್ಮುತ್ತ ಬಂದಳು.

ಮುಂಡರಗಿಯ ಮನೆಯಲ್ಲಿ ಕರಿಯವ್ವನ ಹಾಸಿಗೆಯ ಸುತ್ತ ಅರ್ಧ ಓಣಿ ಸೇರಿತ್ತು. ರೋಗಿಯನ್ನು ಮಾತಾಡಿಸಲು ಬಂದವರು ಬಾಗಿಲು ಕಿಟಕಿ ಮುಚ್ಚಿ ಲೋಬಾನದ ಹೊಗೆ ಹಾಕಿ ಕೂತಿದ್ದರು. ಹನಮಂತವ್ವ ಎಲ್ಲರನ್ನೂ ಎಬ್ಬಿಸಿ ಹೊರಗೆ ಕಳಿಸಿ ಕಿಟಕಿ ತೆಗೆದಳು. ಬೀಗಿತ್ತಿ ಬಂದು ಜೋರು ಮಾಡುತ್ತಾಳೆ ಎಂದು ಅವರು ಅಂಗಳದಲ್ಲಿ ನಿಂತು ಆಡಿಕೊಂಡರು. ಆಚೆ ಕೋಣೆಯಲ್ಲಿ ಮಲಗಿದ್ದ ಸಕ್ರಪ್ಪ ಆಕೆಯನ್ನು ಕಂಡು ಕಂಬಳಿ ಮುಖಕ್ಕೆ ಎಳೆದುಕೊಂಡ. ಅದೂ ಒಳ್ಳೆಯದೇ ಎಂದುಕೊಂಡ ಹನಮಂತವ್ವ ಅವನ ತಲೆದಿಂಬಿನ ಹತ್ತಿರ ಗಂಜಿ ಇಟ್ಟಳು.

ಕರಿಯವ್ವನಿಗೆ ಜ್ವರ ಏರಿತ್ತು, ಉಸಿರು ಗೊರಗೊರ ಅನ್ನುತ್ತಿತ್ತು. ಹಣೆಗೆ ಒದ್ದೆ ಬಟ್ಟೆ ಹಾಕಿ, ಚಮಚದಿಂದ ಗಂಜಿ ಕುಡಿಸಿ, ಬೆನ್ನು ತಿಕ್ಕಿ ಹನಮಂತವ್ವ ಹತ್ತಿರವೇ ಇದ್ದಳು. ಒಂದು ಮಧ್ಯಾಹ್ನ ಕರಿಯವ್ವ ಕಣ್ಣು ಮೇಲೆ ಮಾಡಿದಾಗ ಹನಮಂತವ್ವ ಅವಳ ಕೆನ್ನೆ ತಟ್ಟಿ ತಟ್ಟಿ ಕರೆದಳು. ಮಂಜವ್ವನಿಗೆ ಏನು ಹೇಳಲಿ ಎಂದು ಒಂದೇ ಸಮನೆ ಅನಿಸಿತು. ಸಂಜೆಗೆ ಬೆವರು ಒಡೆದು ಜ್ವರ ಇಳಿಯಿತು. ಮರುದಿನ ಕರಿಯವ್ವ ಬಾಯಿ ಬಿಟ್ಟು ಆಡಿದ ಮೊದಲ ಮಾತು, "ನನ್ನ ಮಗಳ್ನ ಯಾಕ ಕಳಸಲಿಲ್ರಿ?"

"ಕಳಸಿದ್ರ ಈಗ ನಿಮ್ಮ ಪಕ್ಕದಾಗ ಮಲಗಿರತಿದ್ಲು."

"ಮಲಗಿರತಿದ್ಲು ಅಂತ ನಿಮಗ್ ಹೆಂಗ್ ಗೊತ್ತು?"

ಹನಮಂತವ್ವ ಚಮಚವನ್ನು ಅವಳ ಬಾಯಿಗೆ ಹಿಡಿದಳು. "ಗಂಜಿ ಕುಡೀರಿ," ಅಂದಳು.

ತಾಯಿ ಮಗ ಇಬ್ಬರೂ ಎದ್ದು ಓಡಾಡುವಂತಾದ ಮೇಲೆ ಆಕೆ ಬೆಟಗೇರಿಗೆ ಮರಳಿದಳು. ಮನೆಯಲ್ಲಿ ಮಗ್ಗ ನಿಂತಿತ್ತು. ಹೇಮಪ್ಪ ಜ್ವರ ಬಂದು ಮಲಗಿದ್ದ, ಪಟ್ಟಿ ಇನ್ನೂ ಗದ್ದದ ಕೆಳಗೇ ಇತ್ತು. "ನಿನ್ನ ಪಟ್ಟಿ ಏನೂ ಉಪಯೋಗ ಇಲ್ಲ," ಅಂದ ಅವನು. ಮಂಜವ್ವ ಕಾಣಲಿಲ್ಲ. ಹನಮಂತವ್ವ ಗಂಟು ಅಲ್ಲೇ ಕೆಳಗಿಟ್ಟು ಒಳಕೋಣೆಗೆ ಇಣುಕಿದಳು.

"ಎಲ್ಲೆ ಅಕಿ?"

"ಅಪ್ಪಗ ಕೆಮ್ಮ ಹತ್ತಿದ ದಿನಾನ ತನ್ನ ಗಡಗಿ, ಚಾಪಿ ತಗೊಂಡು ಹಾಜಿರಾಬಿ ಮನಿಗೆ ಹೋದ್ಲವ್ವ," ಅಪ್ಪನಿಗೆ ಕಷಾಯ ಕಾಸುತ್ತಿದ್ದ ದೇವಪ್ಪ ಅಂದ. ಅವನ ಮುಖಕ್ಕೆ ಪಟ್ಟಿ ಸರಿಯಾಗಿ ಕಟ್ಟಿತ್ತು. "ಇದನ್ನ ಕಟ್ಟಿಕೊಳ್ದ ಮಾತಾಡ್ಸಾಕ ಬರಬ್ಯಾಡ ಅಂದಾಳ. ಓಣ್ಯಾಗ ಎಲ್ಲಾರೂ ಏನೇನೋ ಅನ್ನಾಕತ್ಯಾರ."

ಹನಮಂತವ್ವ ಆಚೆ ಮನೆಗೆ ಹೋದಳು. ಹಿತ್ತಲ ಪಡಸಾಲೆಯಲ್ಲಿ ಮೂರು ಕಲ್ಲು ಹೂಡಿ ಮಂಜವ್ವ ತನ್ನ ಅನ್ನ ತಾನು ಮಾಡಿಕೊಳ್ಳುತ್ತಿದ್ದಳು. ಅಂಗಳದ ತುದಿಯಲ್ಲಿ ಮರ್ದಾನಸಾಬ ಕಣ್ಣಷ್ಟೇ ಕಾಣುವ ಹಾಗೆ ಕಟ್ಟಿಕೊಂಡು ನೂಲು ಒಣಹಾಕುತ್ತಿದ್ದ.

"ಅವ್ವ ಹೆಂಗದಾಳ್ರಿ?" ಮಂಜವ್ವ ಕೇಳಿದಳು.

"ಜಗಳಾಡಾಕತ್ಯಾಳ. ಆರಾಮ ಅದಾಳ."

ಮಂಜವ್ವ ಎದ್ದು ಬರಲು ಹೋದಳು. "ಅಲ್ಲೇ ಇರು. ನಾ ಇನ್ನೂ ಜಳಕಾ ಮಾಡಿಲ್ಲ," ಎಂದು ಹನಮಂತವ್ವ ಹಿಂದೆ ಸರಿದಳು. ಸೊಸೆ ಅಲ್ಲೇ ನಿಂತು ಅಳುತ್ತ ನಕ್ಕಳು. ಹನಮಂತವ್ವನಿಗೂ ಅಳು ಬಂತು, ಪಟ್ಟಿಯೊಳಗೆ ಮೂಗು ಸೋರಿ ಉಸಿರಾಡುವುದೇ ಕಷ್ಟವಾಯಿತು.

ಹೇಮಪ್ಪ ಗುಣವಾದ. ದಿನ ತುಂಬಿದಾಗ ಹೆರಿಗೆ ಬೆಟಗೇರಿಯಲ್ಲೇ ಆಯಿತು. ಹೆಣ್ಣು ಕೂಸು, ದನಿ ಜೋರಾಗಿತ್ತು. ತವರಿನ ಬಾಣಂತನ ತಪ್ಪಿಸಿದರೂ ತಾಯಿಯನ್ನು ತಪ್ಪಿಸಲಾದೀತೇ ಎಂದು ಕರಿಯವ್ವ ಕೊಬ್ಬರಿ, ಬೆಲ್ಲದ ಬುಟ್ಟಿ ಹೊರಿಸಿಕೊಂಡು ಸಕ್ರಪ್ಪನ ಜೊತೆ ಬಂದಿಳಿದಳು. ಹನಮಂತವ್ವ ಕಾಯಿಸಿದ ನೀರು ಸಾಕಷ್ಟು ಬಿಸಿ ಇಲ್ಲ ಎಂದಳು, ಬಾಣಂತಿಯ ಅಳವಿ ಪಾಯಸ ನೀರಾಗಿದೆ ಎಂದಳು, ಕೂಸಿಗೆ ಎಣ್ಣೆ ತಿಕ್ಕುವ ರೀತಿ ಇದಲ್ಲ ಎಂದು ಕೈಯಿಂದಲೇ ಕಸಿದುಕೊಂಡಳು.

ಕೂಸು ನೋಡಲು ಬಂದ ಓಣಿಯ ಹೆಂಗಸರ ಮುಂದೆ ಕರಿಯವ್ವ ತನ್ನ ಜ್ವರದ ಕತೆ ಹೇಳುತ್ತಿದ್ದಳು. "ಸತ್ತು ಬದುಕೇನ್ರಿ ನಾನು. ನಮ್ಮ ಓಣಿಯವರು ಹಗಲೂ ರಾತ್ರಿ ಬಂದು ಕುಂತು ಲೋಬಾನ ಹಾಕಿದ್ರು. ಅದರಿಂದನ ಉಳದೆ."

ಬಚ್ಚಲಿನ ಒಲೆಯ ಮುಂದೆ ಕೂತ ಹನಮಂತವ್ವ ತಲೆ ಎತ್ತಿದಳು. ಒಳಗಿಂದ ಮಂಜವ್ವ, ಸುಮ್ಮನಿರಿ ಎನ್ನುವಂತೆ ಅತ್ತೆಯ ಕಡೆ ನೋಡಿದಳು. ಹನಮಂತವ್ವ ಒಂದು ದೊಡ್ಡ ಉಸಿರು ಬಿಟ್ಟು, ಹಂಡೆಯ ನೀರು ಇನ್ನಷ್ಟು ಬಿಸಿಯಾಗಲೆಂದು ಒಲೆಗೆ ಮತ್ತೆರಡು ಕಟ್ಟಿಗೆ ನೂಕಿದಳು.