ಕಾಂಬೋಡಿಯದಲ್ಲಿ ಲೇಡೀಸ್ ಡಬ್ಬಾ

ರಿಟೈರಾದ ಮೇಲೆ ಕಾಂಬೋಡಿಯಕ್ಕೆ ಹೋಗಿ ಎರಡು ತಿಂಗಳು ಪುಕ್ಕಟೆ ಇಂಗ್ಲಿಷ್ ಕಲಿಸುತ್ತೇನೆ ಎಂದಾಗ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನಗದವರಿಲ್ಲ. ಕೋಪರಖೈರಣೆಯ ಶಾಲೆಯಲ್ಲಿ ಜೀವಮಾನವಿಡೀ ಅದನ್ನೇ ಕಲಿಸಿದವಳು ನಾನು. ಸಂಬಳ ಕೊಟ್ಟರೆ ಮಾತ್ರ ಬಾಯಿ ಬಿಡಬೇಕೆಂದು ಎಲ್ಲಿ ಬರೆದಿದೆ ಮಾರಾಯ್ರೆ? ನಮ್ಮವರು ಮಾತ್ರ ನಗಲಿಲ್ಲ. ಅಡುಗೆ ನಾನು ಮಾಡಿಕೊಳ್ಳುತ್ತೇನೆ, ನೀನು ಧೈರ್ಯವಾಗಿ ಹೋಗಿ ಬಾ ಎಂದರು. ಕಲ್ಯಾಣದಲ್ಲಿ ಹೋಟೆಲು ನಡೆಸಿದವರನ್ನು ಮದುವೆಯಾದ ಪುಣ್ಯ ಅದು.

ಅಲ್ಲಿಗೆ ಹೋದ ಮೇಲೆ ನನ್ನ ಬಡಾಯಿಯೆಲ್ಲ ಇಳಿಯಿತು. ಹಳ್ಳಿ ಶಾಲೆಯ ಮಕ್ಕಳು ಕೈಮುಗಿದು ಎದ್ದು ನಿಲ್ಲುತ್ತಿದ್ದವು, ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದವು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ತಪ್ಪಾದರೆ ನಾಲ್ಕು ಜನರೆದುರು ಮರ್ಯಾದೆ ಹೋದೀತೆಂಬ ಹೆದರಿಕೆ. ಸೊಫೀಪ್ ಎಂಬ ಹುಡುಗಿಯಂತೂ ಹೆಸರು ಕೇಳಿದರೂ ತಲೆ ತಗ್ಗಿಸುತ್ತಿದ್ದಳು. ನನ್ನನ್ನು ಕರೆಸಿದ ಸಂಸ್ಥೆಯ ಮೇಡಂ ಶುಕ್ರವಾರ ಬಂದು ನೋಡುವುದಾಗಿಯೂ, ಮಕ್ಕಳು ಮಾತಾಡದಿದ್ದರೆ ಈ ತರಗತಿ ಮುಚ್ಚಿ ನನ್ನನ್ನು ಪಟ್ಟಣದ ಶಾಲೆಗೆ ಹಾಕುವುದಾಗಿಯೂ ಹೇಳಿದರು. ನನಗೇನು, ಪಟ್ಟಣದಲ್ಲಿ ಫ್ಯಾನಾದರೂ ಇರುತ್ತದೆ. ಆದರೆ ಈ ಮಕ್ಕಳಿಗೆ ಕಲಿಸಲು ಮತ್ತೆ ಯಾರು ಬರುತ್ತಾರೆ? ಸಿಟ್ಟು, ಅಳು ಎರಡೂ ಒಟ್ಟಿಗೆ ಬಂತು.

ಬುಧವಾರ ಪಾಠದ ನಡುವೆಯೇ ಚಂದ್ರಬಾಯಿಯ ವಿಡಿಯೊ ಕಾಲ್ ಬಂತು. ಅವಳು ವಿಜಾಪುರದ ಕಡೆಯವಳು. ದಿವಾದಲ್ಲಿ ಮನೆ, ವಾಶಿಯಲ್ಲಿ ಆಫೀಸು; ಠಾಣೆ–ವಾಶಿ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ, ಅಂದರೆ ಹೆಂಗಸರ ಬೋಗಿಯಲ್ಲಿ, ವರ್ಷಗಟ್ಟಲೆ ನನ್ನ ಜತೆಗಾತಿ. ಕಟ್ ಮಾಡಲು ಹೋಗಿ ಎತ್ತಿಬಿಟ್ಟೆ. ಡಬ್ಬಾದ ಗಲಾಟೆಯೆಲ್ಲ ತರಗತಿಯೊಳಗೆ ನುಗ್ಗಿತು, ಮಕ್ಕಳು ಕತ್ತು ಚಾಚಿ ನೋಡಿದವು. ನಾನು ಅಲ್ಲೇ ನನ್ನ ಗೋಳು ಹೇಳಿಕೊಂಡೆ.

"ನಮ್ಮ ಡಬ್ಬಾದಾಗ ಬಾಯಿ ಮುಚ್ಕೊಂಡು ನಿಂತವ್ರಿಗೆ ಯಾರ್ ಸೀಟ್ ಕೊಡ್ತಾರ್ರಿ, ರತ್ನಕ್ಕ?" ಅಂದಳು. "ಅವ್ರನ್ನೂ ಒಂದೀಟು ನಿಂದ್ರಿಸಿ ನೋಡ್ರಿ."

ಬೆಂಚುಗಳನ್ನು ಎದುರುಬದುರು ಹಾಕಿಸಿದೆ. ಬೋರ್ಡಿನ ಮೇಲೆ ಐರೋಲಿ, ರಬಾಳೆ, ಘನ್ಸೋಲಿ, ಕೋಪರಖೈರಣೆ, ಕೊನೆಗೆ ವಾಶಿ ಎಂದು ನಮ್ಮ ಲೋಕಲ್‌ನ ಸ್ಟೇಷನ್ನುಗಳ ಹೆಸರು ಬರೆದೆ. ಅರ್ಧ ಮಕ್ಕಳು ಕೂತರು, ಅರ್ಧ ನಿಂತರು. ನಮ್ಮ ಲೋಕಲ್‌ನಲ್ಲಿ ನಿಂತವರು ಕೂತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಕೇಳಿ ಆ ಸೀಟನ್ನು ಮೊದಲೇ ಹಿಡಿದಿಡುವುದು ರಿವಾಜು. ಇಲ್ಲೂ ಅಷ್ಟೇ: ಇಂಗ್ಲಿಷಿನಲ್ಲಿ ಕೇಳಿದವರಿಗೆ ಸೀಟು, ಕೇಳದವರು ವಾಶಿ ತನಕ ನಿಲ್ಲಬೇಕು. ಕಾಲು ನೋಯುವ ತನಕ ಎಲ್ಲರೂ ಸುಮ್ಮನಿದ್ದರು. ಕೊನೆಗೆ ಒಬ್ಬಳು ಕೇಳಿದಳು. ಇನ್ನೊಬ್ಬಳು ಅದು ತನ್ನ ಸೀಟೆಂದು ಜಗಳಕ್ಕೇ ನಿಂತಳು. ವ್ಯಾಕರಣ ಹಳ್ಳ ಹಿಡಿದಿತ್ತು, ಹಿಡಿಯಲಿ ಬಿಡಿ. ಸೊಫೀಪ್ ಮಾತ್ರ ಕಿಟಕಿಯ ಸೀಟು ಹಿಡಿದು, ಯಾರು ಕೇಳಿದರೂ ತುಟಿ ಬಿಚ್ಚಲಿಲ್ಲ.

ಶುಕ್ರವಾರ ಬಂದ ಮೇಡಂ ಗದ್ದಲ ಕೇಳಿ ಬಾಗಿಲಲ್ಲೇ ನಿಂತರು. ಮುಖ ಅರಳಿತು. ಆಮೇಲೆ ಸೊಫೀಪಳತ್ತ ಬೆರಳು ತೋರಿಸಿ, ಅವಳು ಮಾತಾಡುವುದಿಲ್ಲವೇ ಎಂದರು. ನಾನೇ ಹೋಗಿ ಅವಳೆದುರು ನಿಂತು, ಎಲ್ಲಿ ಇಳಿಯುತ್ತೀ ಎಂದು ಕೇಳಿದೆ. ಬೆಂಚಿನಲ್ಲಿ ಆಗಲೇ ಮೂವರಿದ್ದರು. ಬೆಳಗಿನಿಂದ ನಿಂತು ಊದಿದ ನನ್ನ ಕಾಲನ್ನು ಅವಳು ನೋಡಿದಳು. ಕಿಟಕಿಗೆ ಒತ್ತಿಕೊಂಡು, ಪಕ್ಕದವರನ್ನೂ ತನ್ನತ್ತ ಎಳೆದು ಅಂಗೈಯಗಲ ಜಾಗ ಮಾಡಿದಳು.

"ನಾನು ಇಳಿಯುವುದಿಲ್ಲ, ಟೀಚರ್," ಎಂದಳು, ಇಂಗ್ಲಿಷಿನಲ್ಲೇ. "ನೀವೂ ಕೂತುಕೊಳ್ಳಿ."

ಮೂವರ ಬೆಂಚಿನಲ್ಲಿ ನಾಲ್ಕನೆಯವರಿಗೆ ಸರಿಯುವುದನ್ನು ನಾನು ಕಲಿಸಿಯೇ ಇರಲಿಲ್ಲ. ನಾನು ಮೊದಲ ಸಲ ಠಾಣೆಯ ಆ ಲೋಕಲ್ ಹತ್ತಿ, ಯಾರ ಗುರುತೂ ಇಲ್ಲದೆ ಕಂಬಿ ಹಿಡಿದು ನಿಂತಿದ್ದಾಗ, ಚಂದ್ರಬಾಯಿ ಹೀಗೆಯೇ ಸರಿದು ನನ್ನನ್ನು ಕೂರಿಸಿಕೊಂಡಿದ್ದಳು.

ಮೇಡಂ ಎದುರೇ ಗಳಗಳ ಅತ್ತುಬಿಟ್ಟೆ. ತರಗತಿ ನಡೆಯಲಿ ಎಂದರು ಅವರು. ನಾನು ಸೊಫೀಪಳ ಬೆಂಚಿನ ತುದಿಯಲ್ಲಿ ಅರ್ಧ ಕೂತೆ.