ಒಣಗಿದ ಬಸಿಗೊಳವೆ

ನನ್ನ ಓರಗಿತ್ತಿ ಬಲು ಜಾಣೆ. ಈ ಮಾತು ನನ್ನದಲ್ಲ, ನಮ್ಮ ಅತ್ತೆ ದಿನವೂ ಊಟದ ಜೊತೆ ಬಡಿಸುವುದು. ನನ್ನ ಮೈದುನನನ್ನು ಮದುವೆಯಾಗಿ ಮನೆಗೆ ಬಂದದ್ದು ಸಾಲದೆಂದು, ನಾನಿರುವ ಜಲವಿದ್ಯುತ್ ಯೋಜನೆಗೇ ಕೆಲಸಕ್ಕೂ ಬಂದಳು. ಬೆಟ್ಟದೊಳಗೆ ನೀರನ್ನು ಟರ್ಬೈನಿಗೆ ಇಳಿಸುವ ಪ್ರೆಶರ್ ಶಾಫ್ಟ್ ಇದೆ. ಅದರ ಉಕ್ಕಿನ ಒಳಕವಚ ನನ್ನ ವಿನ್ಯಾಸ. ಕವಚದ ಹಿಂದೆ, ಬಂಡೆಯಲ್ಲಿ, ನೀರಿನ ಒತ್ತಡ ಅಳೆಯುವ ಮೀಟರುಗಳು ಅವಳ ಪಾಲು. ಅಂದರೆ ನಾನು ಕಟ್ಟಿದ್ದರಲ್ಲಿ ಹುಳುಕು ಹುಡುಕುವುದಕ್ಕೇ ಅವಳಿಗೆ ಸಂಬಳ.

ಮೊದಲ ತಪಾಸಣೆಗೆಂದು ಶಾಫ್ಟ್ ಖಾಲಿ ಮಾಡುತ್ತಿದ್ದೆವು. ಇದು ಬಕೆಟ್ ಬೋರಲು ಹಾಕುವಂಥ ಕೆಲಸವಲ್ಲ. ಒಳಗಿನ ನೀರು ಇಳಿದಂತೆಲ್ಲ ಹೊರಗೆ ಬಂಡೆಯಲ್ಲಿರುವ ನೀರೂ ಇಳಿಯಬೇಕು. ಇಲ್ಲವಾದರೆ ಅದು ಖಾಲಿ ಕವಚವನ್ನು ಅದುಮಿ ಒಳಕ್ಕೆ ಮಡಚಿಬಿಡುತ್ತದೆ. ಆ ನೀರು ಹರಿದುಹೋಗಲೆಂದೇ ಕವಚದ ಹಿಂದೆ ಬಸಿಗೊಳವೆಗಳನ್ನು ಇಡಿಸಿದ್ದೆ.

ಅರ್ಧ ಇಳಿಸುವಷ್ಟರಲ್ಲಿ ಅವಳು ಬಂದಳು.

"ಅಕ್ಕಾ, ನಿಲ್ಲಿಸೋಣ. ಹೊರಗಿನ ಒತ್ತಡ ಇಳೀತಾನೇ ಇಲ್ಲ."

"ನಿನ್ನ ಮೀಟರ್ ಕೆಟ್ಟಿರುತ್ತೆ."

"ಎಲ್ಲಾ ಒಟ್ಟಿಗೆ ಕೆಡ್ತವಾ?"

ಮೈಯೆಲ್ಲ ಉರಿದುಹೋಯಿತು. ಪ್ರಶ್ನೆ ಸರಿಯಾಗಿತ್ತು, ಅದಕ್ಕೇ. ನಿಲ್ಲಿಸುವ ಅಧಿಕಾರ ನನ್ನದು. ನಿಲ್ಲಿಸಿದರೆ ನನ್ನ ಕೊಳವೆ ಕೆಲಸ ಮಾಡುತ್ತಿಲ್ಲವೆಂದು ಎಲ್ಲೆಡೆ ಡಂಗುರ. ನಿಲ್ಲಿಸದೆ ಅವಳ ಮಾತು ನಿಜವಾದರೆ ಕವಚವೇ ಹೋಯಿತು. "ಬಾ, ಕೊಳವೆಗಳನ್ನೇ ನೋಡಿಬಿಡೋಣ" ಎಂದು ಕೆಳಗಿನ ಸುರಂಗಕ್ಕೆ ಕರೆದೊಯ್ದೆ.

ಕೊಳವೆಗಳ ಬಾಯಲ್ಲಿ ಒಂದು ಹನಿಯೂ ಇರಲಿಲ್ಲ.

"ನೋಡು, ಒಣಗಿದೆ! ನೀರೇ ಇಲ್ಲದ ಮೇಲೆ ಒತ್ತಡ ಎಲ್ಲಿಂದ ಬರುತ್ತೆ?" ಎಂದೆ. ಅಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಅವಳು ಕೊಳವೆಯೊಳಗೆ ಟಾರ್ಚ್ ಬಿಟ್ಟಳು. ಸಿಮೆಂಟಿನಿಂದ ಕರಗಿ ಬಂದ ಸುಣ್ಣ ಗಟ್ಟಿಯಾಗಿ, ಬಿರಡೆ ಹಾಕಿದಂತೆ ಕೂತಿತ್ತು. ಒಣಗಿದ್ದು ಬಂಡೆಯಲ್ಲ, ನನ್ನ ಕೊಳವೆ. ಒಣಗಿದ ಬಸಿಗೊಳವೆಯನ್ನು ನಂಬಬೇಡಿ ಎಂದು ಹೊಸಬರಿಗೆಲ್ಲ ಪಾಠ ಹೇಳುವವಳೇ ನಾನು. ಹೊಟ್ಟೆಕಿಚ್ಚು ನನ್ನ ಕಣ್ಣಿಗೇ ಮಣ್ಣೆರಚಿತ್ತು.

"ಚೀಫ್ ಎಂಜಿನಿಯರ್‌ಗೆ ನೀವೇ ಫೋನ್ ಮಾಡಿ ಅಕ್ಕ," ಎಂದಳು ಮೆಲ್ಲಗೆ. "ಕೊಳವೆ ನೋಡೋಣ ಅಂದಿದ್ದು ನೀವೇ ಅಲ್ವಾ."

ಒಂದು ಚುಚ್ಚುಮಾತು ಆಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆ ಸುಖವನ್ನೂ ಕೊಡಲಿಲ್ಲ. ಫೋನ್ ಮಾಡಿ ನೀರು ಇಳಿಸುವುದನ್ನು ನಿಲ್ಲಿಸಿದೆ. ಸುಣ್ಣ ಕೊರೆದು ತೆಗೆದ ಕೂಡಲೇ ನೀರು ಚಿಮ್ಮಿ ಇಬ್ಬರೂ ತೊಯ್ದು ತೊಪ್ಪೆಯಾದೆವು. ಅವಳ ಮೀಟರುಗಳು ಇಳಿಯತೊಡಗಿದವು. ಚೀಫ್ ನನಗೆ "ಭೇಷ್" ಎಂದರು. ಕವಚ ಉಳಿಯಿತು, ನನ್ನ ಮಾನವೂ ಉಳಿಯಿತು. ನಾನು ಅವಳ ಹೆಸರೆತ್ತಲಿಲ್ಲ.

ಸಂಜೆ ನಾನು ಮನೆ ಸೇರುವ ಹೊತ್ತಿಗೆ ಅವಳು ಆಗಲೇ ಬಂದಿದ್ದಳು. ಅತ್ತೆ ಬಾಗಿಲಲ್ಲೇ ಕಾದಿದ್ದರು.

"ಇಡೀ ಶಾಫ್ಟನ್ನ ನೀನೇ ಉಳಿಸಿದೆಯಂತೆ! ಅವಳೇ ಬಂದು ಹೇಳಿದ್ಳು."

ಎದೆ ಉಬ್ಬಿತು. ಕೊನೆಗೂ ನನ್ನ ಸರದಿ ಬಂತೆಂದು ಚಪ್ಪಲಿ ಬಿಚ್ಚುವುದನ್ನೂ ಮರೆತು ನಿಂತೆ.

"ಓರಗಿತ್ತೀನ ಇಷ್ಟು ಹೊಗಳೋಕೆ ಎಷ್ಟು ದೊಡ್ಡ ಮನಸ್ಸಿರಬೇಕು!" ಎಂದರು ಅತ್ತೆ. "ಅವಳನ್ನ ನೋಡಿ ಕಲಿತ್ಕೋ."