ಬೀರೋಬನ ಟಗರಿನ ಮೇಲೆ ಮನೆ ನಂಬರು

ಪಟ್ಟಣದ ನವಿ ಪೇಠದಲ್ಲಿ ನಮ್ಮಪ್ಪನದು ಸೀರೆ ಅಂಗಡಿ. ಗಿರಾಕಿಯ ಮುಂದೆ ಸಿಟ್ಟು ತೋರಿಸಬಾರದು ಎಂದು ಕಲಿಸುವ ಮನೆ ಅದು. ನಾನು ಕಲಿಯಲಿಲ್ಲ. ಅದಕ್ಕೇ ಮಲೇರಿಯಾ ಸರ್ವೆಯ ಕೆಲಸಕ್ಕೆ ಹೊರಟಾಗ ಯಾರೂ ತಡೆಯಲಿಲ್ಲ. ಕೈಯಲ್ಲಿ ಮೊಬೈಲು, ಅದರಲ್ಲೊಂದು ಆ್ಯಪು, ಹೆಗಲಿಗೆ ರಕ್ತದ ಸ್ಲೈಡುಗಳ ಚೀಲ, ಜೊತೆಗೊಂದು ಡಬ್ಬಿ ಬಿಳಿ ಪೇಂಟು. ಗೋಡೆಗೆ ನಂಬರು ಬರೆದು, ಅದರ ಫೋಟೊ ತೆಗೆದು, ಜ್ವರದವರ ರಕ್ತ ತೆಗೆದುಕೊಳ್ಳಬೇಕು. ಫೋಟೊ ಇಲ್ಲದಿದ್ದರೆ ಆ್ಯಪಿನ ಪಾಲಿಗೆ ಮನೆಯೇ ಇಲ್ಲ. ಮನೆ ಇಲ್ಲದಿದ್ದರೆ ಜ್ವರವೂ ಇಲ್ಲ.

ತಡವಳದ ಹೊರಗೆ, ಉದ್ದು ಕಿತ್ತ ಹೊಲದಲ್ಲಿ ಊರೂರು ಅಲೆಯುವ ಕುರಿಗಾಹಿ ಅಣ್ಣಾರಾಯನ ಕುರಿಹಟ್ಟಿ ಇಳಿದಿತ್ತು. ಬಲೆಯ ಬೇಲಿಯೊಳಗೆ ಕುರಿ, ಹೊರಗೆ ಮೂರು ಕಲ್ಲಿನ ಒಲೆ. ಮೊಮ್ಮಗಳು ಛಾಯಾ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು. ರಕ್ತ ತೆಗೆದೆ. ಆ್ಯಪು ಮನೆ ನಂಬರಿನ ಫೋಟೊ ಕೇಳಿತು.

"ಎಲ್ಲಿ ಬರೀಲಿ ಆಯಿ? ಗ್ವಾಡಿನ ಇಲ್ಲಲ್ಲ!" ಎಂದು ಅಣ್ಣಾರಾಯನ ಹೆಂಡತಿ ಮುಕ್ತಾಬಾಯಿಯ ಮೇಲೆ ರೇಗಿದೆ, ಗೋಡೆ ಇಲ್ಲದ್ದು ಅವಳ ತಪ್ಪೆಂಬಂತೆ.

ಅವಳು ಕೊಂಬು ಹಿಡಿದು ಒಂದು ಕರಿ ಟಗರನ್ನು ಎಳೆದು ತಂದಳು. "ಇದರ ಮ್ಯಾಲ ಬರೀರಿ ಮ್ಯಾಡಮ್. ನಾವು ಜಾಗಾ ಬಿಡ್ತೀವು, ಕುರಿ ಮಾರ್ತೀವು. ಆದ್ರ ಇದು ನಮ್ಮ ದೇವ್ರು ಬೀರೋಬಗ ಬಿಟ್ಟ ಟಗರು. ಇದನ್ನ ಮಾರಂಗಿಲ್ಲ, ಕೊಯ್ಯಂಗಿಲ್ಲ. ಇದು ಎಲ್ಲಿ, ನಮ್ಮ ಮನಿ ಅಲ್ಲಿ."

ಪೇಂಟಿನ ಡಬ್ಬಿ ತೆರೆದೆ. ಉಣ್ಣೆಯ ಮೇಲೆ ದಪ್ಪಗೆ 47 ಎಂದು ಬರೆದೆ. ಗೋಡೆ ಯಾವುದರದು ಎಂದು ಆ್ಯಪು ಕೇಳಿತು: ಮಣ್ಣು, ಕಲ್ಲು, ಇಟ್ಟಿಗೆ, ಇತರೆ. 'ಇತರೆ' ಒತ್ತಿ 'ಉಣ್ಣೆ' ಎಂದು ತುಂಬಿದೆ.

ಸಂಜೆ ಅಕ್ಕಲಕೋಟದ ಆಫೀಸಿನಿಂದ ನಮ್ಮ ಸೂಪರ್‌ವೈಸರ್ ಯೋಗಿರಾಜ ಫೋನು ಮಾಡಿದ. "ಶುಭಾಂಗಿ ಮ್ಯಾಡಮ್, ನಿಮ್ಮ ನಲವತ್ತೇಳನೇ ಮನಿಗಿ ಕೊಂಬು ಅದಾವಲ್ಲ!"

"ಬಾಲಾನೂ ಅದ ಸರ್. ಫೋಟೊದಾಗ ಬಂದಿಲ್ಲ."

"ರಿಜೆಕ್ಟ್ ಮಾಡ್ಬೇಕಾಗ್ತದ."

"ಮಾಡ್ರಿ. ಆ ಹುಡುಗಿ ಜ್ವರಾನೂ ರಿಜೆಕ್ಟ್ ಆಗ್ತದೇನು ನೋಡ್ರಿ."

ಆತ ನಿಟ್ಟುಸಿರು ಬಿಟ್ಟು ಮನೆಯನ್ನು ಒಪ್ಪಿಕೊಂಡ.

ಅದೇ ವಾರ ವರದಿ ಬಂತು. ಮನೆ 47, ಛಾಯಾ, ಮಲೇರಿಯಾ ಇದೆ. ಮಾತ್ರೆ ತೆಗೆದುಕೊಂಡು ಸ್ಕೂಟಿ ಹತ್ತಿದೆ. ಆ್ಯಪು ತೋರಿಸಿದ ಜಾಗಕ್ಕೆ ಹೋಗಿ ನಿಂತರೆ ಅಲ್ಲಿದ್ದದ್ದು ಬರೀ ಹಿಕ್ಕೆ. ಹಟ್ಟಿ ಎದ್ದು ಹೋಗಿತ್ತು. ಅಣ್ಣಾರಾಯನ ಫೋನು ಸ್ವಿಚ್ ಆಫ್ ಆಗಿತ್ತು. ಯಾರನ್ನು ಕೇಳಿದರೂ "ಯಾವ ಅಣ್ಣಾರಾಯ?" ಎನ್ನುವವರೇ. ಈ ಕಡೆ ಕಲ್ಲೆಸೆದರೆ ಒಬ್ಬ ಅಣ್ಣಾರಾಯನಿಗೆ ತಾಗುತ್ತದೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಆ ಕೂಸು ಎಲ್ಲೋ ನಡುಗುತ್ತಿದೆ, ಅದರ ಔಷಧ ನನ್ನ ಚೀಲದಲ್ಲಿ ಕೂತಿದೆ.

ಕೊನೆಗೆ ಟಗರಿನ ಫೋಟೊವನ್ನು ಸುತ್ತಲಿನ ಊರುಗಳ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದೆ. ಈ ಮನೆ ಎಲ್ಲಿ ಕಂಡರೂ ನನಗೆ ಫೋನ್ ಮಾಡಿ ಎಂದು ಕೆಳಗೆ, ಇಲ್ಲಿಯವರು ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ ಬರೆದೆ. ಮೊದಲು ನಗುವ ಮುಖಗಳು ಬಂದವು. ಒಬ್ಬ ಬಾಡಿಗೆ ಎಷ್ಟು ಎಂದು ಕೇಳಿದ. ಇನ್ನೊಬ್ಬನಿಗೆ ನೀರಿನ ಸೌಕರ್ಯ ಇದೆಯೋ ಇಲ್ಲವೋ ತಿಳಿಯಬೇಕಿತ್ತು. ಇಬ್ಬರಿಗೂ ತಕ್ಕ ಉತ್ತರ ಕೊಟ್ಟೆ, ಅದನ್ನಿಲ್ಲಿ ಬರೆಯುವಂತಿಲ್ಲ.

ಮಧ್ಯಾಹ್ನ ದುಧನಿಯಿಂದ ಶಾಂತಲಿಂಗಪ್ಪ ಎಂಬ ರೈತ ಫೋನಿನಲ್ಲೇ ಕೂಗಾಡಿದ. "ಏನ್ರಿ ಮ್ಯಾಡಮ್! ನಿಮ್ಮ ನಲವತ್ತೇಳನೇ ಮನಿ ನನ್ನ ತೊಗರಿ ತಿನ್ನಾಕತ್ತದ!"

"ಬಿಡಬ್ಯಾಡ್ರಿ, ಕೊಂಬು ಹಿಡ್ಕೊಂಡು ನಿಲ್ರಿ! ಬಂದೆ!"

ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಜನ್ಮದಲ್ಲಿ ಅದೇ ಮೊದಲು. ಹೋದಾಗ ಶಾಂತಲಿಂಗಪ್ಪ ಟಗರನ್ನು ಹಿಡಿದು ನಿಂತಿದ್ದ. ಟಗರು ಇನ್ನೂ ಮೇಯುತ್ತಿತ್ತು. ಹಟ್ಟಿಯಲ್ಲಿ ಛಾಯಾ ಕಣ್ಣು ಬಿಡದೆ ಮಲಗಿದ್ದಳು. ಹುಡುಗಿಯ ಸ್ಥಿತಿ ನೋಡಿದ ಮೇಲೆ ಆತ ತೊಗರಿಯ ಮಾತು ಬಿಟ್ಟು ಮನೆಯಿಂದ ಹಾಲು ತಂದ. ಮೊದಲ ಮಾತ್ರೆ ನಾನೇ ನುಂಗಿಸಿದೆ, ಉಳಿದವನ್ನು ಹೇಗೆ ಕೊಡಬೇಕೆಂದು ಮುಕ್ತಾಬಾಯಿಗೆ ತಿಳಿಸಿದೆ.

ಮಾತ್ರೆ ಮುಗಿಯುವ ಹೊತ್ತಿಗೆ ಮತ್ತೆ ಹೋದೆ. ಗೊಬ್ಬರದ ಆಸೆಗೆ ಶಾಂತಲಿಂಗಪ್ಪನೇ ಹಟ್ಟಿಯನ್ನು ತನ್ನ ಖಾಲಿ ಹೊಲದಲ್ಲಿ ಇಳಿಸಿಕೊಂಡಿದ್ದ. ಛಾಯಾ ಮರಿಗಳ ಹಿಂದೆ ಓಡುತ್ತಿದ್ದಳು. ಟಗರಿನ ಉಣ್ಣೆ ಕತ್ತರಿಸಿದ್ದರು. ಬೋಳು ಮೈಯ ಮೇಲೆ ಬೀರೋಬನ ಭಂಡಾರದಲ್ಲಿ, ಅಂದರೆ ದೇವರ ಅರಿಸಿನದ ಪುಡಿಯಲ್ಲಿ, ಸೊಟ್ಟಸೊಟ್ಟ ಅಂಕಿಗಳಲ್ಲಿ 74 ಎಂದಿತ್ತು. ತಡವಳದಲ್ಲಿ 74 ಎಂದರೆ ಧನರಾಜ ಸಾವಕಾರರ ಮಾಳಿಗೆ ಮನೆ!

"ಇದೇನ ಆಯಿ?"

"ಉಣ್ಣಿ ಕತ್ತರಿಸಿದ್ರ ನಂಬರ್ ಹೋತು. ಜೀವಾನ ಹಾರಿತು ನಂದು," ಎಂದಳು ಮುಕ್ತಾಬಾಯಿ. "ಭಂಡಾರ ಎಣ್ಣ್ಯಾಗ ಕಲಸಿ ನಾನ ಬರದೆ. ಇಷ್ಟು ವರ್ಷದಾಗ ನಮ್ಮ ಮನಿ ಎಲ್ಲಿ ಅಂತ ಯಾರೂ ಹುಡುಕಿದ್ದಿಲ್ಲ. ನಂಬರ್ ಇಲ್ದಿದ್ರ ನೀ ಹೆಂಗ ಬರ್ತಿ, ನನ್ನವ್ವಾ?"

ರೇಗಲು ಸಿದ್ಧವಾಗಿದ್ದ ನನಗೆ ಕಣ್ಣು ತುಂಬಿ ಬಂತು. ಪೇಂಟಿನ ಡಬ್ಬಿ ತೆಗೆದೆ. ಛಾಯಾ ಕೊಂಬು ಹಿಡಿದು ನಿಂತಳು. ಟಗರಿನ ಇನ್ನೊಂದು ಮಗ್ಗುಲಿಗೆ 47 ಬರೆದು ಫೋಟೊ ತೆಗೆದೆ. ಮುಕ್ತಾಬಾಯಿ ಬರೆದದ್ದನ್ನು ಅಳಿಸಲಿಲ್ಲ. ಆ್ಯಪಿಗೆ ಒಂದು ಮಗ್ಗುಲು ಸಾಕು.